ಬಣ್ಣ ಹಾಕಿದ ಕೂದಲು ಮೂರೇ ವಾರಕ್ಕೆ ತುಕ್ಕು ಬಣ್ಣಕ್ಕೆ ತಿರುಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಮುಂದಲೆಯಲ್ಲಿ ಬಿಳಿಕೂದಲು ಜಾಸ್ತಿ. ಮೈಸೂರಿನಲ್ಲಿದ್ದಷ್ಟು ವರ್ಷ ಪ್ಯಾಕೆಟ್‌ನಲ್ಲಿ ಬರುವ ಕಪ್ಪು ಮೆಹಂದಿ ಹಚ್ಚಿಕೊಳ್ಳುತ್ತಿದ್ದೆ. ಹೋದ ವರ್ಷ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗೆ ಬಂದೆವು. ಅಂದಿನಿಂದ ತಿಂಗಳಿಗೊಮ್ಮೆ ಪಾರ್ಲರ್‌ನಲ್ಲಿ ಬರ್ಗಂಡಿ ಕಲರ್ ಮಾಡಿಸುತ್ತಿದ್ದೇನೆ. ಮೊದಲ ವಾರ ಚೆನ್ನಾಗಿರುತ್ತದೆ. ಮೂರನೇ ವಾರಕ್ಕೆ ಬುಡದ ಕಡೆಯೆಲ್ಲ ತುಕ್ಕು ಬಣ್ಣ. ತುದಿ ಮಾತ್ರ ಕಪ್ಪಗೇ ಇದೆ, ನಾರು ನಾರಾಗಿದೆ, ಬಾಚಿದರೆ ತುಂಡಾಗುತ್ತದೆ. ಎಣ್ಣೆ ಹಚ್ಚಿ ಸೀಗೆಕಾಯಿ ಹಾಕು ಅನ್ನುತ್ತಾರೆ ಅತ್ತೆಯವರು. ಸಲ್ಫೇಟ್ ಇಲ್ಲದ ಶಾಂಪೂ ತಗೊಳ್ಳಿ, ಕೆರಾಟಿನ್ ಮಾಡಿಸಿ ಅನ್ನುತ್ತಾರೆ ಪಾರ್ಲರ್‌ನವರು. ಸ್ಕೂಟರ್‌ನಲ್ಲಿ ಓಡಾಡುವುದರಿಂದ ಬೆವರು ಜಾಸ್ತಿ, ದಿನಾ ತಲೆಗೆ ನೀರು ಹಾಕಿಕೊಳ್ಳುತ್ತೇನೆ. ಶಾಂಪೂ ಮಾತ್ರ ವಾರಕ್ಕೆ ಎರಡು ಸಲ. ಹಾಂ, ಹೋದ ಸಲ ಕಲರ್ ಮಾಡಿಸಿದ ಮರುದಿನ ಕಿವಿ ಹಿಂದೆ ತುರಿಕೆ ಬಂದು ಮೂರು ದಿನ ಇತ್ತು. ಆಮೇಲೆ ತಾನಾಗಿ ಹೋಯಿತು. ಬಣ್ಣ ನಿಲ್ಲಲು ಏನು ಮಾಡಬೇಕು?

ಉತ್ತರ: ಬಣ್ಣದ ವಿಷಯಕ್ಕೆ ಆಮೇಲೆ ಬರುತ್ತೇನೆ. ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ತುರಿಕೆಯ ಮಾತು ಇದೆಯಲ್ಲ, ಮೊದಲು ಅದನ್ನು ಮುಗಿಸೋಣ.

ಕಲರ್ ಹಚ್ಚುವಾಗಲೇ ಚುರುಚುರು ಅಂದು, ತೊಳೆದ ಮೇಲೆ ನಿಂತುಹೋದರೆ ಅದು ಸಾಮಾನ್ಯವಾಗಿ ಅಮೋನಿಯಾ, ಪೆರಾಕ್ಸೈಡ್‌ಗಳಿಂದ ಆಗುವ ಉರಿ. ನಿಮ್ಮದು ಹಾಗಲ್ಲ. ಮರುದಿನ ಶುರುವಾಗಿದೆ, ಮೂರು ದಿನ ಇದೆ. ತಡವಾಗಿ ಬಂದು ನಿಧಾನಕ್ಕೆ ಹೋಗುವುದು ಅಲರ್ಜಿಯ ರೀತಿ. ಜಾಗವೂ ಅದೇ ಹೇಳುತ್ತದೆ. ಬಣ್ಣದ ಅಲರ್ಜಿ ಎಷ್ಟೋ ಸಲ ತಲೆಯ ಚರ್ಮಕ್ಕಿಂತ ಮೊದಲು ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ, ಕತ್ತಿನ ಹಿಂಭಾಗದಲ್ಲಿ, ಕಣ್ಣಿನ ರೆಪ್ಪೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಮುಖ್ಯ ಕಾರಣ ಪಿಪಿಡಿ, ಅಂದರೆ ಪ್ಯಾರಾ ಫೆನಿಲೀನ್‌ಡೈಅಮೀನ್. ಇದು ಹಳೇ ರಾಸಾಯನಿಕ. ಜರ್ಮನಿಯ ಹಾಫ್‌ಮನ್ ಇದನ್ನು 1863ರಲ್ಲಿ ಕಂಡುಹಿಡಿದ. 1907ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಯೂಜೀನ್ ಶುಲೆರ್ ಅನ್ನುವವನು ಈ ಬಗೆಯ ಕೂದಲಿನ ಬಣ್ಣ ಮಾಡಿ ಮಾರಲು ಶುರು ಮಾಡಿದ. ಅವನು ಕಟ್ಟಿದ ಕಂಪನಿಯೇ ಇವತ್ತಿನ ಲೋರಿಯಲ್. ಅಲ್ಲಿಂದ ನೂರು ವರ್ಷ ದಾಟಿದರೂ ಶಾಶ್ವತ ಬಣ್ಣದ ಮೂಲ ತತ್ವ ಹೆಚ್ಚು ಕಡಿಮೆ ಅದೇ. ಡಬ್ಬಿ ಮಾತ್ರ ಬದಲಾಗಿದೆ.

ನೀವು ವರ್ಷಗಟ್ಟಲೆ ಹಚ್ಚಿಕೊಂಡ ಕಪ್ಪು ಮೆಹಂದಿಯಲ್ಲೂ ಬಹುಶಃ ಅದೇ ಇತ್ತು. ಮದರಂಗಿ ಸೊಪ್ಪಿನಲ್ಲಿ ಇರುವ ಬಣ್ಣದ ಅಂಶಕ್ಕೆ ಲಾಸೋನ್ ಅನ್ನುತ್ತಾರೆ. ಅದು ಕೊಡುವುದು ಕಿತ್ತಳೆ ಮಿಶ್ರಿತ ಕೆಂಪು ಮಾತ್ರ. ನೀಲಿ ಗಿಡದ (ಇಂಡಿಗೋ) ಎಲೆಯ ಪುಡಿ ಸೇರಿಸಿದರೆ ಕಪ್ಪಾಗಬಹುದು, ಆದರೆ ಅದಕ್ಕೆ ಎರಡು ಹಂತ, ಗಂಟೆಗಟ್ಟಲೆ ಸಮಯ ಬೇಕು. ಅರ್ಧ ಗಂಟೆಯಲ್ಲಿ ಕಡುಕಪ್ಪು ಮಾಡುವ ಪುಡಿಯಲ್ಲಿ ಮೆಹಂದಿ ಇರುವುದು ಹೆಸರಿಗೆ, ಕೆಲಸ ಮಾಡುವುದು ಪಿಪಿಡಿ. ಮನೆಯಲ್ಲಿ ಹಳೇ ಪ್ಯಾಕೆಟ್ ಇದ್ದರೆ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ.

‘ಇಷ್ಟು ವರ್ಷ ಏನೂ ಆಗಿಲ್ಲ, ಈಗ್ಯಾಕೆ?’ ಅಂತ ಕೇಳಬಹುದು. ಈ ಅಲರ್ಜಿ ಹುಟ್ಟುವುದೇ ಹಾಗೆ. ವರ್ಷಗಟ್ಟಲೆ ಸುಮ್ಮನಿದ್ದ ದೇಹ ಒಂದು ದಿನ ಇದು ಬೇಡ ಅನ್ನುತ್ತದೆ. ಒಮ್ಮೆ ಅಂದರೆ ಮತ್ತೆ ಮರೆಯುವುದಿಲ್ಲ. ಮುಂದಿನ ಸಲದ್ದು ಈ ಸಲಕ್ಕಿಂತ ಜೋರಾಗಿರಬಹುದು. ಹಾಗಾಗಿ ಮುಂದಿನ ಟಚಪ್ ಮುಂದೂಡಿ. ಚರ್ಮದ ವೈದ್ಯರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆಯುತ್ತಾರೆ, ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಲರ್ಜಿ ಅಂತ ಖಚಿತವಾದರೆ ‘ಅಮೋನಿಯಾ ಫ್ರೀ’ ಡಬ್ಬಿ ನಿಮಗೆ ಪರಿಹಾರ ಅಲ್ಲ. ಅಮೋನಿಯಾ ಇಲ್ಲದಿದ್ದರೂ ಅದರಲ್ಲಿ ಪಿಪಿಡಿ ಅಥವಾ ಅದರ ಹತ್ತಿರದ ನೆಂಟ ಟಾಲುವೀನ್ ಡೈಅಮೀನ್ ಸಾಮಾನ್ಯವಾಗಿ ಇರುತ್ತದೆ. ಆಗ ಉಳಿಯುವ ದಾರಿ ಶುದ್ಧ ಮದರಂಗಿ, ಇಲ್ಲವೇ ವೈದ್ಯರು ಪದಾರ್ಥಗಳ ಪಟ್ಟಿ ನೋಡಿ ಸೂಚಿಸುವ ಬೇರೆ ಬಗೆಯ ಬಣ್ಣ. ಕಣ್ಣು, ಮುಖ ಊದಿಕೊಂಡರೆ, ಚರ್ಮದಿಂದ ನೀರು ಒಸರಿದರೆ, ಉಸಿರು ಕಷ್ಟವಾದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಟೆಸ್ಟ್‌ನಲ್ಲಿ ಏನೂ ಬರಲಿಲ್ಲ, ವೈದ್ಯರೂ ಪರವಾಗಿಲ್ಲ ಅಂದರು ಅಂದುಕೊಂಡು ಮುಂದುವರಿಯುತ್ತೇನೆ.

ನಿಮ್ಮ ತಲೆಯಲ್ಲಿ ಈಗ ಇರುವುದು ಒಂದೇ ಬಗೆಯ ಕೂದಲಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಮೊಳ ಉದ್ದದ ಕೂದಲಾದರೆ ಅದರ ತುದಿಗೆ ನಾಲ್ಕು ವರ್ಷದ ಹತ್ತಿರ ವಯಸ್ಸು. ಅಂದರೆ ನೀವು ಬೆಂಗಳೂರಿಗೆ ಬಂದ ಮೇಲೆ ಬೆಳೆದದ್ದು ಬುಡದ ಗೇಣುದ್ದವೂ ಇಲ್ಲ. ಅದರ ಕೆಳಗಿನದ್ದೆಲ್ಲ ಮೈಸೂರಿನ ಕಪ್ಪು ಮೆಹಂದಿ ಕುಡಿದ ಕೂದಲು. ಪಾರ್ಲರ್‌ನ ಬರ್ಗಂಡಿಗೆ ಹುಟ್ಟುಗಪ್ಪನ್ನು ಸ್ವಲ್ಪ ತಿಳಿ ಮಾಡುವ ಶಕ್ತಿ ಇದೆ, ಹಚ್ಚಿದ ಕಪ್ಪನ್ನು ತೆಗೆಯುವ ಶಕ್ತಿ ಇಲ್ಲ. ಅದಕ್ಕೇ ಬುಡ ಕೆಂಪಾಗುತ್ತದೆ, ತುದಿ ಕಪ್ಪಗೇ ಉಳಿಯುತ್ತದೆ.

ಇನ್ನು ತುಕ್ಕು ಬಣ್ಣ ಎಲ್ಲಿಂದ ಬಂತು? ಕೂದಲೆಳೆಯ ಹೊರಮೈ ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗೆ. ಒಂದರ ಮೇಲೊಂದು ಅಂಚು ಬರುವಂತೆ ಪದರಗಳು. ಅಮೋನಿಯಾ ಈ ಪದರಗಳನ್ನು ಉಬ್ಬಿಸಿ ದಾರಿ ಮಾಡಿಕೊಡುತ್ತದೆ. ಬಣ್ಣಕ್ಕೆ ಬೆರೆಸುವ ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಹೋಗಿ ಎರಡು ಕೆಲಸ ಮಾಡುತ್ತದೆ. ಒಂದು, ನಿಮ್ಮ ಹುಟ್ಟು ಬಣ್ಣವನ್ನು ಒಂದಿಷ್ಟು ಸುಡುತ್ತದೆ. ಎರಡು, ಒಳಗೆ ಬಂದ ಬಣ್ಣದ ಸಣ್ಣ ಅಣುಗಳನ್ನು ಒಂದಕ್ಕೊಂದು ಸೇರಿಸಿ ದೊಡ್ಡದು ಮಾಡುತ್ತದೆ. ದೊಡ್ಡದಾದ ಮೇಲೆ ಅವು ಸುಲಭವಾಗಿ ಹೊರಗೆ ಬರಲಾರವು. ಸುಲಭವಾಗಿ ಬರಲಾರವು ಅಷ್ಟೇ, ಬರುವುದೇ ಇಲ್ಲ ಅಂತಲ್ಲ. ಕೆಂಪು ಛಾಯೆಗಳು ಎಲ್ಲಕ್ಕಿಂತ ಬೇಗ ಇಳಿಯುತ್ತವೆ. ಇಳಿದ ಮೇಲೆ ಕಾಣುವುದು ಅರ್ಧ ಸುಟ್ಟ ನಿಮ್ಮದೇ ಕೂದಲು. ಕಪ್ಪು ಕೂದಲು ತಿಳಿಯಾಗುವಾಗ ಮೊದಲು ಕಡುಗೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ. ನಿಮ್ಮದು ಕಿತ್ತಳೆಯ ಹತ್ತಿರದಲ್ಲಿದೆ. ಹಾಗಾಗಿ ಅದು ಬಣ್ಣ ಕೆಟ್ಟದ್ದಲ್ಲ, ಬಣ್ಣ ಹೋಗಿ ತಳ ಕಂಡದ್ದು.

ಬಣ್ಣ ಹೊರಗೆ ಹೋಗುವುದು ಹೇಗೆ? ಎಲ್ಲರೂ ಶಾಂಪೂ ಮೇಲೆ ತಪ್ಪು ಹೊರಿಸುತ್ತಾರೆ. ನನ್ನ ಪ್ರಕಾರ ಮೊದಲ ಕಳ್ಳ ನೀರು. ಒದ್ದೆಯಾದ ಕೂದಲು ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರು ಹೀರುತ್ತದೆ, ಶೇಕಡಾ 15ರಷ್ಟು ದಪ್ಪವಾಗುತ್ತದೆ. ಹೀಗೆ ಉಬ್ಬಿದಾಗಲೆಲ್ಲ ಒಳಗಿನ ಬಣ್ಣ ಸ್ವಲ್ಪ ಸ್ವಲ್ಪ ಕರಗಿ ಹೊರಬರುತ್ತದೆ. ಬರೀ ನೀರಾದರೂ ಸರಿ. ಬಣ್ಣ ಹಾಕಿದ ಕೂದಲಿಗೆ ಇನ್ನೊಂದು ನಷ್ಟವೂ ಆಗಿರುತ್ತದೆ. ಎಳೆಯ ಹೊರಮೈಗೆ ಹುಟ್ಟಿನಿಂದ ಒಂದು ತೆಳು ಜಿಡ್ಡಿನ ಪದರ ಅಂಟಿಕೊಂಡಿರುತ್ತದೆ, ನೀರನ್ನು ಒಳಗೆ ಬಿಡದೆ ಜಾರಿಸುವುದು ಅದೇ. ಅಮೋನಿಯಾ, ಪೆರಾಕ್ಸೈಡ್ ಸೇರಿ ಅದನ್ನು ಕಿತ್ತುಹಾಕುತ್ತವೆ. ಹಾಗಾಗಿ ನಿಮ್ಮ ಕೂದಲು ಮುಂಚಿಗಿಂತ ಬೇಗ ನೆನೆಯುತ್ತದೆ, ನಿಧಾನಕ್ಕೆ ಒಣಗುತ್ತದೆ. ನೀವೇ ಗಮನಿಸಿರಬಹುದು.

ಈಗ ನಿಮ್ಮ ಲೆಕ್ಕ ನೋಡಿ. ಶಾಂಪೂ ವಾರಕ್ಕೆ ಎರಡೇ ಸಲ, ಆದರೆ ಕೂದಲು ನೆನೆಯುವುದು ದಿನಾ. ನೀವು ಶಾಂಪೂ ಉಳಿಸಿದ್ದೀರಿ, ಬಣ್ಣ ಉಳಿಸಿಲ್ಲ. ದಿನದ ನೀರು ನಿಲ್ಲಿಸಿ, ವಾರಕ್ಕೆ ಎರಡು ತಲೆಸ್ನಾನ ಸಾಕು. ಉಳಿದ ದಿನ ಕೂದಲನ್ನು ಎತ್ತಿ ಕಟ್ಟಿ ಶವರ್ ಕ್ಯಾಪ್ ಹಾಕಿಕೊಳ್ಳಿ. ಬೆವರಿಗೆ ಹೆಲ್ಮೆಟ್ ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿ, ಅದನ್ನು ದಿನಾ ಒಗೆಯಿರಿ. ಕೂದಲಿಗಿಂತ ಬಟ್ಟೆ ಒಗೆಯುವುದು ವಾಸಿ. ಇದೊಂದು ಬದಲಾವಣೆ ಮಾಡುವ ಖರ್ಚು ಸೊನ್ನೆ, ಆದರೆ ಉಳಿದ ಎಲ್ಲಕ್ಕಿಂತ ಇದರ ಲಾಭ ಜಾಸ್ತಿ. ಬಿಸಿನೀರು ಉಗುರುಬೆಚ್ಚಗಿರಲಿ. ಬಿಸಿ ಹೆಚ್ಚಾದಷ್ಟೂ ಬಣ್ಣ ಬೇಗ ಕರಗುತ್ತದೆ. ಹಾಗಂತ ಕೊನೆಗೆ ತಣ್ಣೀರು ಸುರಿದರೆ ಪದರ ಮುಚ್ಚಿಕೊಳ್ಳುತ್ತದೆ ಅನ್ನುವುದು ಸ್ವಲ್ಪ ಅತಿಯ ಮಾತು. ಡಿಸೆಂಬರ್ ಬೆಳಗ್ಗೆ ಆ ಕಷ್ಟ ಬೇಡ.

ಬಣ್ಣ ಹೆಚ್ಚು ಹೋಗುವುದು ಮೊದಲ ಕೆಲವು ತೊಳೆತದಲ್ಲಿ. ಆದ್ದರಿಂದ ಪಾರ್ಲರ್‌ನಿಂದ ಬಂದ ಮೇಲೆ ಎರಡು ಮೂರು ದಿನವಾದರೂ ತಲೆಗೆ ನೀರು ತಾಗಿಸಬೇಡಿ. ಹಬ್ಬದ ಹಿಂದಿನ ದಿನ ಕಲರ್ ಮಾಡಿಸಿ ಮರುದಿನ ಬೆಳಗ್ಗೆ ಎಣ್ಣೆ ಸ್ನಾನ ಮಾಡುವವರಿದ್ದಾರೆ. ದೀಪಾವಳಿ ಮುಗಿಯುವ ಹೊತ್ತಿಗೆ ಬಣ್ಣವೂ ಮುಗಿದಿರುತ್ತದೆ!

ನೀರು ಎಷ್ಟು ಅನ್ನುವುದಾಯಿತು. ಎಂಥ ನೀರು ಅನ್ನುವುದು ನಿಮ್ಮ ವಿಷಯದಲ್ಲಿ ಅಷ್ಟೇ ಮುಖ್ಯ. ಮೈಸೂರಿನಲ್ಲಿ ನಲ್ಲಿಗೆ ಬರುವುದು ಹೆಚ್ಚಾಗಿ ಕಾವೇರಿ, ಕಬಿನಿ ನೀರು. ಹೊಳೆಯ ನೀರು ಸಾಮಾನ್ಯವಾಗಿ ಮೆದು. ವೈಟ್‌ಫೀಲ್ಡ್ ಕಡೆ ಎಷ್ಟೋ ಅಪಾರ್ಟ್‌ಮೆಂಟ್‌ಗಳು ನಡೆಯುವುದು ಬೋರ್‌ವೆಲ್, ಟ್ಯಾಂಕರ್ ಮೇಲೆ. ಬಂಡೆಯ ಸೀಳುಗಳಲ್ಲಿ ನಿಂತು ಬಂದ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಇದನ್ನು ತಿಳಿಯಲು ಲ್ಯಾಬ್ ಬೇಕಿಲ್ಲ. ಶವರಿನ ತೂತು ಬಿಳಿ ಪುಡಿಯಿಂದ ಮುಚ್ಚಿಕೊಳ್ಳುತ್ತದೆಯಾ? ಗೀಸರ್ ಕಾಯಿಲ್ ವರ್ಷಕ್ಕೊಮ್ಮೆ ಕೈಕೊಡುತ್ತದೆಯಾ? ಸೋಪು ನೊರೆ ಕೊಡುವುದಿಲ್ಲವಾ? ಆ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ ಅಲ್ವಾ? ಹಾಗಾದರೆ ಗಡಸು ನೀರೇ.

ಲೆಕ್ಕ ಬೇಕು ಅಂದರೆ ಅಸೋಸಿಯೇಷನ್‌ನವರ ಹತ್ತಿರ ನೀರಿನ ಪರೀಕ್ಷೆಯ ವರದಿ ಕೇಳಿ. ಟಿಡಿಎಸ್ (ನೀರಿನಲ್ಲಿ ಕರಗಿದ ಎಲ್ಲದರ ಮೊತ್ತ) ಅಲ್ಲ, ‘ಒಟ್ಟು ಗಡಸುತನ’ ಅನ್ನುವ ಸಾಲು ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಕುಡಿಯುವ ನೀರಿನ ಲೆಕ್ಕ ಅದು. ಕೂದಲಿಗೆ 200 ದಾಟಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ ಅಂತ ನನ್ನ ಅನುಭವ.

ಬಣ್ಣ ಹಾಕಿದ ಕೂದಲಿಗೆ ಈ ಖನಿಜಗಳು ಯಾಕೆ ಹೆಚ್ಚು ಅಂಟುತ್ತವೆ? ಪೆರಾಕ್ಸೈಡ್ ತಾಗಿದ ಕೂದಲಿನ ಮೈಮೇಲೆ ಋಣ ವಿದ್ಯುದಂಶ ಹೆಚ್ಚಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ತಾಮ್ರ, ಕಬ್ಬಿಣ ಇವೆಲ್ಲ ಧನ ಅಂಶದವು. ಹೋಗಿ ಹಿಡಿದುಕೊಳ್ಳುತ್ತವೆ. ಆಗ ಕೂದಲು ಒರಟಾಗುತ್ತದೆ, ಹೊಳಪು ಸತ್ತುಹೋಗುತ್ತದೆ. ಕಬ್ಬಿಣ ಇದ್ದರೆ ಕಂದು ಛಾಯೆ ಬೇರೆ. ಇನ್ನೂ ಒಂದು ವಿಷಯ ಪಾರ್ಲರ್‌ನವರು ಹೇಳುವುದಿಲ್ಲ. ಕೂದಲಿನಲ್ಲಿ ತಾಮ್ರ, ಕಬ್ಬಿಣ ಕೂತಿದ್ದಾಗ ಅದರ ಮೇಲೆ ಮತ್ತೆ ಪೆರಾಕ್ಸೈಡ್ ಹಾಕಿದರೆ ಪ್ರತಿಕ್ರಿಯೆ ಕೈಮೀರಿ ನಡೆದು ಕೂದಲಿನ ಪ್ರೋಟೀನ್‌ಗೇ ಏಟು ಬೀಳುತ್ತದೆ. ತಿಂಗಳಿಗೊಮ್ಮೆ ನಿಮಗೆ ಆಗುತ್ತಿರುವುದು ಇದೂ ಇರಬಹುದು.

ಪರಿಹಾರ ಏನು? ಶವರಿಗೆ ಸಿಕ್ಕಿಸುವ ಸಣ್ಣ ಫಿಲ್ಟರ್‌ಗಳ ಮೇಲೆ ದುಡ್ಡು ಹಾಕುವ ಮುಂಚೆ ಯೋಚಿಸಿ. ಅವುಗಳಲ್ಲಿ ಹೆಚ್ಚಿನವು ಕ್ಲೋರಿನ್ ಕಡಿಮೆ ಮಾಡುತ್ತವೆ, ಗಡಸುತನ ತೆಗೆಯುವುದಿಲ್ಲ. ಗಡಸುತನ ತೆಗೆಯುವುದು ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್. ನಿಮ್ಮ ಕಟ್ಟಡದಲ್ಲಿ ಅದು ಈಗಾಗಲೇ ಇರಲೂಬಹುದು. ಇದ್ದರೆ ಸಮಯಕ್ಕೆ ಸರಿಯಾಗಿ ಉಪ್ಪು ಹಾಕುತ್ತಿದ್ದಾರಾ ಅಂತ ಕೇಳಿ. ಉಪ್ಪು ಮುಗಿದ ಸಾಫ್ಟ್‌ನರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದೆಲ್ಲ ನಿಮ್ಮ ಕೈಯಲ್ಲಿಲ್ಲ ಅಂದರೆ ಒಂದು ಸುಲಭ ದಾರಿ ಇದೆ. ತಲೆಸ್ನಾನದ ಕೊನೆಯ ಎರಡು ಮೂರು ಮಗ್ ಮಾತ್ರ ಆರ್‌ಒ ನೀರು ಹಾಕಿಕೊಳ್ಳಿ. ಮಳೆಗಾಲದಲ್ಲಿ ಹಿಡಿದಿಟ್ಟ ಶುದ್ಧ ಮಳೆನೀರು ಇನ್ನೂ ಚೆನ್ನ. ಈಗಾಗಲೇ ಅಂಟಿದ್ದನ್ನು ತೆಗೆಯಲು ಚೀಲೇಟಿಂಗ್ ಶಾಂಪೂ ಅಂತ ಸಿಗುತ್ತದೆ. ಲೇಬಲ್ ಮೇಲೆ ಗಡಸು ನೀರಿಗೆ ಅಂತಲೇ ಬರೆದಿರಬೇಕು. ಯಾಕೆಂದರೆ ಖನಿಜವನ್ನು ಹಿಡಿದುಕೊಳ್ಳುವ ಇಡಿಟಿಎ ಅನ್ನುವ ವಸ್ತು ಬಹುಪಾಲು ಶಾಂಪೂಗಳಲ್ಲಿ ಸ್ವಲ್ಪ ಇದ್ದೇ ಇರುತ್ತದೆ, ಅಷ್ಟಕ್ಕೇ ಅದು ಈ ಕೆಲಸ ಮಾಡುವುದಿಲ್ಲ. ಇದನ್ನು ತಿಂಗಳಿಗೆ ಒಂದು ಸಲ ಬಳಸಿ, ಅದೂ ಮುಂದಿನ ಕಲರ್‌ಗೆ ನಾಲ್ಕೈದು ದಿನ ಮುಂಚೆ. ಕಲರ್ ಆದ ತಕ್ಷಣ ಬಳಸಿದರೆ ಖನಿಜದ ಜೊತೆ ಬಣ್ಣವೂ ಹೋಗುತ್ತದೆ.

ವಿನೆಗರ್ ನೀರಿನ ಬಗ್ಗೆಯೂ ಜನ ಕೇಳುತ್ತಾರೆ. ಒಂದು ಲೀಟರ್ ಆರ್‌ಒ ನೀರಿಗೆ ಒಂದು ದೊಡ್ಡ ಚಮಚ ಹಾಕಿ ಕೊನೆಗೆ ಸುರಿದುಕೊಂಡರೆ ಕೂದಲು ಸ್ವಲ್ಪ ನಯವಾಗುತ್ತದೆ, ತೊಂದರೆಯಿಲ್ಲ. ನೆತ್ತಿಯಲ್ಲಿ ಗಾಯ, ತುರಿಕೆ ಇದ್ದರೆ ಬೇಡ. ನಿಂಬೆಹಣ್ಣು ಹಿಂಡಿ ಬಿಸಿಲಿಗೆ ಹೋಗುವುದು ಬೇಡವೇ ಬೇಡ, ಬಣ್ಣ ಇನ್ನೂ ತಿಳಿಯಾಗುತ್ತದೆ, ಚರ್ಮವೂ ಸುಡುತ್ತದೆ. ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಶಾಂಪೂಗೆ ಬೆರೆಸುವ ಉಪಾಯ ಮೊಬೈಲ್‌ನಲ್ಲಿ ಓಡಾಡುತ್ತಿದೆ. ಅದು ಬೇಡದ ಬಣ್ಣ ತೆಗೆಯಲು ಮಾಡುವ ಕೆಲಸ. ಅಡುಗೆ ಸೋಡಾ ಅಡುಗೆಮನೆಯಲ್ಲೇ ಇರಲಿ.

ಈಗ ಅತ್ತೆ-ಪಾರ್ಲರ್ ಜಗಳಕ್ಕೆ ಬರೋಣ. ನನ್ನ ಮತ ಅರ್ಧ ಅತ್ತೆಯವರ ಕಡೆಗೆ.

ಎಣ್ಣೆಯ ವಿಷಯದಲ್ಲಿ ಅವರು ಸರಿ, ಅದೂ ಕೊಬ್ಬರಿ ಎಣ್ಣೆ. 2003ರಲ್ಲಿ ಮುಂಬೈಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೂ ಕಾರಣ ಗಟ್ಟಿಯಾಗಿದೆ. ಅದರಲ್ಲಿರುವ ಲಾರಿಕ್ ಆಮ್ಲ ಚಿಕ್ಕದು, ನೇರವಾದದ್ದು, ಎಳೆಯ ಒಳಗೆ ಇಳಿಯುತ್ತದೆ. ಒಳಗೆ ಎಣ್ಣೆ ಇದ್ದರೆ ನೀರಿಗೆ ಜಾಗ ಕಡಿಮೆ, ಉಬ್ಬುವುದೂ ಕಡಿಮೆ. ಹಾಗಾಗಿ ಎಣ್ಣೆ ಹಚ್ಚಬೇಕಾದ್ದು ತಲೆಸ್ನಾನಕ್ಕೆ ಮುಂಚೆ, ಕೂದಲು ಒಣಗಿದ್ದಾಗ. ಎರಡು ಚಮಚ ಸಾಕು, ನಡುವಿನಿಂದ ತುದಿಗೆ. ಒಂದೆರಡು ಗಂಟೆ ಬಿಡಿ. ರಾತ್ರಿ ಹಚ್ಚಿಟ್ಟರೂ ಅಡ್ಡಿಯಿಲ್ಲ. ತೊಟ್ಟಿಕ್ಕುವಷ್ಟು ಹಚ್ಚಿ, ಅದನ್ನು ತೆಗೆಯಲು ಮೂರು ಸಲ ಶಾಂಪೂ ಹಾಕಿದರೆ ಎಣ್ಣೆಯ ಲಾಭವೆಲ್ಲ ಮೋರಿಗೆ.

ಸೀಗೆಕಾಯಿ ವಿಷಯದಲ್ಲಿ ಅತ್ತೆಯವರ ಜೊತೆ ಅಷ್ಟು ಒಪ್ಪಲಾರೆ. ಸೀಗೆಯಲ್ಲಿ, ಅಂಟುವಾಳದಲ್ಲಿ ನೊರೆ ಕೊಡುವ ಸಪೋನಿನ್ ಇದೆ, ಸೋಪಿನ ಹಾಗೆ ಕ್ಷಾರವೂ ಅಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದೇ. ತೊಂದರೆ ಇರುವುದು ಪುಡಿಯಲ್ಲಿ. ತರಿ ತರಿಯಾದ ಪುಡಿಯನ್ನು ಒದ್ದೆ ಕೂದಲಿಗೆ ಹಾಕಿ ತಿಕ್ಕಿದರೆ ಮೊದಲೇ ಅಂಚು ಎದ್ದಿರುವ ಪದರಗಳು ಕಿತ್ತು ಬರುತ್ತವೆ. ನಿಮ್ಮ ತುದಿ ತಡೆಯುವುದಿಲ್ಲ. ಮಾಡಲೇಬೇಕು ಅಂದರೆ ಕಾಯಿಯನ್ನು ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ನೆತ್ತಿಗೆ ಮಾತ್ರ ಬಳಸಿ. ಸ್ನಾನದ ಸೋಪನ್ನು ಮಾತ್ರ ತಲೆಗೆ ತಾಗಿಸಲೇಬೇಡಿ. ಕ್ಷಾರಕ್ಕೆ ಕೂದಲು ಉಬ್ಬುತ್ತದೆ, ಗಡಸು ನೀರಿನ ಜೊತೆ ಸೇರಿ ಬಿಳಿ ಜಿಗುಟು ಬೇರೆ ಕೂರುತ್ತದೆ.

ಸಲ್ಫೇಟ್ (ಜೋರಾಗಿ ನೊರೆ ಕೊಟ್ಟು ಜಿಡ್ಡು ತೆಗೆಯುವ ವಸ್ತು) ಇಲ್ಲದ ಶಾಂಪೂ ಕೆಟ್ಟದ್ದಲ್ಲ. ಆದರೆ ಅದಕ್ಕೆ ಕೊಡುವ ಬೆಲೆಯಷ್ಟು ಬಣ್ಣ ಅದು ಉಳಿಸುವುದಿಲ್ಲ. ಹದವಾದ ಯಾವುದೇ ಶಾಂಪೂವನ್ನು ಒಂದು ಮಗ್ ನೀರಿಗೆ ಬೆರೆಸಿ ನೆತ್ತಿಗೆ ಹಾಕಿ. ಉದ್ದಕ್ಕೆ ಇಳಿದು ಹೋಗುವ ನೊರೆಯೇ ಕೂದಲಿಗೆ ಸಾಕು. ಉಳಿದ ದುಡ್ಡಿಗೆ ಕಂಡೀಷನರ್ ತಗೊಳ್ಳಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಂಡೀಷನರ್ ಅಂದರೆ ಶೋಕಿ ಅನ್ನುವ ಭಾವನೆ ಇದೆ. ಬಣ್ಣ ಹಾಕಿದ ಕೂದಲಿಗೆ ಅದು ಶಾಂಪೂಗಿಂತ ಮುಖ್ಯ. ಅದರಲ್ಲಿರುವುದೂ ಧನ ಅಂಶದ ವಸ್ತುವೇ. ಎಲ್ಲಿ ಕೂದಲು ಹೆಚ್ಚು ಹಾಳಾಗಿದೆಯೋ ಅಲ್ಲೇ ಹೆಚ್ಚು ಹಿಡಿದುಕೊಳ್ಳುತ್ತದೆ, ಕಳೆದುಹೋದ ಜಿಡ್ಡಿನ ಕೆಲಸವನ್ನು ತಾತ್ಕಾಲಿಕವಾಗಿ ಮಾಡುತ್ತದೆ. ಪ್ರತಿ ತಲೆಸ್ನಾನದಲ್ಲೂ ಹಚ್ಚಿ, ಎರಡು ಮೂರು ನಿಮಿಷ ಬಿಡಿ, ಅದು ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಟವೆಲ್‌ನಲ್ಲಿ ಬಡಿದು ಒಣಗಿಸುವ ಅಭ್ಯಾಸ ಇದ್ದರೆ ಬಿಡಿ. ಒತ್ತಿ ನೀರು ಹೀರಿಸಿದರೆ ಸಾಕು.

ಬಿಸಿಲಿನ ಬಗ್ಗೆ ಒಂದೇ ಮಾತು. ಹೆಲ್ಮೆಟ್ ತಲೆಯನ್ನು ಮುಚ್ಚುತ್ತದೆ, ಬೆನ್ನ ಮೇಲೆ ಬಿಟ್ಟ ಕೂದಲನ್ನಲ್ಲ. ಏಪ್ರಿಲ್ ಬಿಸಿಲಿಗೆ ಬಣ್ಣ ನಿಜವಾಗಿಯೂ ಸುಡುತ್ತದೆ. ಜಡೆ ಹಾಕಿ ಕುರ್ತಾದ ಒಳಗೆ ಇಳಿಬಿಡಿ, ಅಥವಾ ವೇಲ್ ಸುತ್ತಿ. ವೇಲಿನ ಅಂಚನ್ನು ಸಿಕ್ಕಿಸಿಕೊಳ್ಳಿ, ಚಕ್ರಕ್ಕೆ ಸಿಕ್ಕರೆ ಕೂದಲಿನ ಚಿಂತೆ ಯಾರಿಗೂ ಇರುವುದಿಲ್ಲ. ಸ್ಟ್ರೇಟ್ನರ್ ಇದ್ದರೆ ಪೂರ್ತಿ ಒಣಗಿದ ಕೂದಲಿಗೆ ಮಾತ್ರ, ಬಿಸಿ 180 ಡಿಗ್ರಿ ದಾಟದಂತೆ. ಒದ್ದೆ ಕೂದಲಿಗೆ ಇಟ್ಟರೆ ಒಳಗಿನ ನೀರು ಕುದ್ದು ಗುಳ್ಳೆಯಾಗಿ ಎಳೆ ಅಲ್ಲೇ ಮುರಿಯುತ್ತದೆ.

ಇನ್ನು ಪಾರ್ಲರ್‌ನಲ್ಲಿ ಏನು ಹೇಳಬೇಕು. ಮೊದಲು, ಹಿಂದೆ ಕಪ್ಪು ಮೆಹಂದಿ ಹಚ್ಚುತ್ತಿದ್ದೆ ಅಂತ ಹೇಳಿ. ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ. ಅದರ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಿ, ಕಿತ್ತು ಬಂದ ಉದಾಹರಣೆಗಳಿವೆ. ಯಾರಾದರೂ ತುದಿಯ ಕಪ್ಪನ್ನು ಬ್ಲೀಚ್ ಮಾಡಿ ತೆಗೆಯೋಣ ಅಂದರೆ, ಕತ್ತರಿಸಿದ ನಾಲ್ಕು ಎಳೆಯ ಮೇಲೆ ಮೊದಲು ಪರೀಕ್ಷೆ ಮಾಡಿ ಅನ್ನಿ. ಸುಲಭದ ದಾರಿ ಅಂದರೆ ಎರಡು ಮೂರು ತಿಂಗಳಿಗೊಮ್ಮೆ ತುದಿ ಟ್ರಿಮ್ ಮಾಡಿಸುತ್ತಾ ಹೋಗುವುದು. ತುಂಡಾಗುವ ತುದಿಯನ್ನು ಯಾವ ಮಾಸ್ಕೂ ಮತ್ತೆ ಜೋಡಿಸುವುದಿಲ್ಲ.

ಎರಡನೆಯದು, ಟಚಪ್ ಬುಡಕ್ಕೆ ಮಾತ್ರ. ತಿಂಗಳಿಗೆ ಹೊಸದಾಗಿ ಬಂದದ್ದು ಒಂದು ಸೆಂಟಿಮೀಟರ್, ಹಚ್ಚಬೇಕಾದ್ದೂ ಅಷ್ಟಕ್ಕೇ. ಕೊನೆಯ ಐದು ನಿಮಿಷ ಇಡೀ ಉದ್ದಕ್ಕೆ ಎಳೆದು ಬಿಡುವ ಪದ್ಧತಿ ಪಾರ್ಲರ್‌ಗಳಲ್ಲಿ ಇದೆ. ನಿಮ್ಮ ತುದಿಗೆ ಅದರಿಂದ ಬಣ್ಣವಂತೂ ಬರುತ್ತಿಲ್ಲ, ಏಟು ಮಾತ್ರ ಪ್ರತಿ ತಿಂಗಳೂ ಬೀಳುತ್ತಿದೆ. ಬೇಡ ಅನ್ನಿ. ಮೂರನೆಯದು, ಡೆವಲಪರ್ ಎಷ್ಟರದ್ದು ಅಂತ ಕೇಳಿ. ಬಿಳಿಕೂದಲು ಮುಚ್ಚಲು 20 ವಾಲ್ಯೂಮ್, ಅಂದರೆ ಶೇಕಡಾ 6 ಪೆರಾಕ್ಸೈಡ್ ಸಾಕು. ಕೆಂಪು ಎದ್ದು ಕಾಣಲಿ ಅಂತ 30 ಅಥವಾ 40 ಬಳಸಿದರೆ ಅದು ಶೇಕಡಾ 9, 12. ಮೊದಲ ವಾರ ಬಣ್ಣ ಮಿಂಚುತ್ತದೆ, ಮೂರನೇ ವಾರ ತಳದ ಕಿತ್ತಳೆ ಅಷ್ಟೇ ಜೋರಾಗಿ ಕಾಣುತ್ತದೆ. ಅಮೋನಿಯಾ ಇಲ್ಲದ್ದು ಕೊಡಿ ಅಂತ ಕೇಳುವುದರಿಂದ ವಾಸನೆ ಕಡಿಮೆಯಾಗುತ್ತದೆ, ಅಷ್ಟೇ. ಅಮೋನಿಯಾ ಜಾಗದಲ್ಲಿ ಹಾಕುವ ಮೊನೋಎಥನಾಲಮೈನ್ ಕೂಡ ಕ್ಷಾರವೇ, ಮತ್ತು ಅದು ಗಾಳಿಗೆ ಹಾರಿಹೋಗುವುದಿಲ್ಲ.

ಈಗಾಗಲೇ ತುಕ್ಕಾಗಿರುವ ಭಾಗಕ್ಕೆ ಮತ್ತೆ ಶಾಶ್ವತ ಬಣ್ಣ ಬೇಡ. ಡೆಮಿ ಪರ್ಮನೆಂಟ್ ಅಥವಾ ಗ್ಲಾಸ್ (gloss, ಹೊಳಪಿನ ಬಣ್ಣ) ಅಂತ ಕೇಳಿ. ಅದರ ಪೆರಾಕ್ಸೈಡ್ ತುಂಬ ಕಡಿಮೆ, ಹುಟ್ಟು ಬಣ್ಣವನ್ನು ಸುಡದೆ ಮೇಲೆ ಬಣ್ಣ ಕೂರಿಸುತ್ತದೆ. ಇದರಲ್ಲೂ ಪಿಪಿಡಿ ಜಾತಿಯ ವಸ್ತುಗಳೇ ಇರುತ್ತವೆ, ಅಲರ್ಜಿಯ ಎಚ್ಚರಿಕೆ ಇದಕ್ಕೂ ಸೇರಿ. ಮನೆಯಲ್ಲಿ ಬಳಸಲು ನೇರಳೆ ಶಾಂಪೂ ತರಬೇಡಿ. ನೇರಳೆ ಹೊಡೆಯುವುದು ಹಳದಿಯನ್ನು, ನಿಮ್ಮದು ಕಿತ್ತಳೆ, ಅದಕ್ಕೆ ನೀಲಿ ಬೇಕು. ಬರ್ಗಂಡಿಯೇ ಇರಲಿ ಅನ್ನುವುದಾದರೆ ನೀಲಿಯೂ ಬೇಡ, ಕೆಂಪು ಬಣ್ಣದ ಕಂಡೀಷನರ್ ವಾರಕ್ಕೊಮ್ಮೆ ಹಚ್ಚಿ. ದಿಂಬಿನ ಕವರ್ ಮಾತ್ರ ಹಳೆಯದು ಹಾಕಿಕೊಳ್ಳಿ. ಮುಂದಲೆಯ ನಾಲ್ಕು ಬಿಳಿ ಎಳೆಗಾಗಿ ಮೂರೇ ವಾರಕ್ಕೆ ಪಾರ್ಲರ್‌ಗೆ ಓಡುವ ಬದಲು ಬುಡ ಮುಚ್ಚುವ ಪುಡಿಯೋ ಕಡ್ಡಿಯೋ ಸಿಗುತ್ತದೆ, ಅದರಲ್ಲಿ ಇನ್ನೆರಡು ವಾರ ತಳ್ಳಬಹುದು.

ಉಳಿದದ್ದು ಕೆರಾಟಿನ್. ಈಗ ಬೇಡ ಅನ್ನುವುದು ನನ್ನ ಸ್ಪಷ್ಟ ಸಲಹೆ. ಹೆಸರು ಕೆರಾಟಿನ್, ಬೋಟಾಕ್ಸ್, ನ್ಯಾನೋಪ್ಲಾಸ್ಟಿ ಏನೇ ಇರಲಿ, ಕೂದಲು ನೇರ ಮಾಡುವ ಇವುಗಳಲ್ಲಿ ಕೆಲಸ ಮಾಡುವುದು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಬಿಡುವ ವಸ್ತು ಅಥವಾ ಗ್ಲೈಆಕ್ಸಿಲಿಕ್ ಆಮ್ಲ, ಜೊತೆಗೆ ಸ್ಟ್ರೇಟ್ನರ್‌ನ ಜೋರು ಬಿಸಿ. ಬಣ್ಣ ಹಾಕಿದ ಕೂದಲಿನ ಬಣ್ಣ ಇದರಿಂದ ಇನ್ನೂ ತಿಳಿಯಾಗುತ್ತದೆ. ನೀವು ಕೇಳುತ್ತಿರುವುದೇ ಬಣ್ಣ ನಿಲ್ಲುವ ದಾರಿ. ಅದಕ್ಕಿಂತ ದೊಡ್ಡ ಮಾತೂ ಇದೆ. ಗ್ಲೈಆಕ್ಸಿಲಿಕ್ ಆಮ್ಲದ ಕ್ರೀಂ ಹಚ್ಚಿಸಿಕೊಂಡ ಕೆಲವರಿಗೆ ಮೂತ್ರಪಿಂಡಕ್ಕೆ ಏಟು ಬಿದ್ದ ವರದಿಗಳು ಇಸ್ರೇಲ್, ಫ್ರಾನ್ಸ್‌ನಿಂದ ಬಂದಿವೆ, ಫ್ರಾನ್ಸ್‌ನ ವೈದ್ಯರು 2024ರಲ್ಲಿ ಇದನ್ನು ಪ್ರಕಟಿಸಿದ್ದಾರೆ. ನಿಮಗಂತೂ ಚರ್ಮ ಈಗಾಗಲೇ ಒಮ್ಮೆ ಎಚ್ಚರಿಸಿದೆ. ಕೂದಲು ನಯವಾಗಬೇಕು ಅನ್ನುವುದಕ್ಕೆ ಆರು ವಾರ ಎಣ್ಣೆ, ಕಂಡೀಷನರ್, ಆರ್‌ಒ ಮಗ್ ಮಾಡಿ ನೋಡಿ. ಪ್ಯಾಚ್ ಟೆಸ್ಟ್‌ಗೆ ಹೋಗುವಾಗ ಬಳಸಿದ ಕಲರ್ ಟ್ಯೂಬಿನ ಫೋಟೋ, ಅದರಲ್ಲಿ ಪದಾರ್ಥಗಳ ಪಟ್ಟಿ ಓದುವಷ್ಟು ಸ್ಪಷ್ಟವಾಗಿರುವುದು, ಪಾರ್ಲರ್‌ನಿಂದ ತೆಗೆದುಕೊಂಡು ಹೋಗಿ.